ಕೊನೆಯ ಮದುವೆಯ ಇಗರ್ಜಿ

ಪಾಳುಬಿದ್ದ ಕಟ್ಟಡಗಳ ಬಗ್ಗೆ ಬರೆಯುವವರಿಗೆ ಒಂದು ಸುಲಭದ ದಾರಿಯಿದೆ. ಕಟ್ಟಿದವರು ಹೋದರು, ಕಲ್ಲು ಉಳಿಯಿತು ಎಂದು ನಿಟ್ಟುಸಿರಿಟ್ಟರೆ ಅರ್ಧ ಲೇಖನ ಮುಗಿಯುತ್ತದೆ. ಉಳಿದರ್ಧಕ್ಕೆ ಕಾಲದ ಮಹಿಮೆ ಇದ್ದೇ ಇದೆ. ಬೇಕಲದ ಕೋಟೆಯ ಮೇಲೆ ನಾವೆಲ್ಲ ಶಾಲೆಯಲ್ಲಿ ಬರೆದ ಪ್ರಬಂಧಗಳು ಈ ದಾರಿಯಲ್ಲೇ ನಡೆದವು. ಮಾಸ್ತರರು ಹತ್ತಕ್ಕೆ ಏಳು ಅಂಕ ಕೊಟ್ಟರು. ದೊಡ್ಡ ದೊಡ್ಡ ಭಾಷೆಗಳ ದೊಡ್ಡ ಲೇಖಕರೂ ಇದೇ ದಾರಿ ಹಿಡಿಯುತ್ತಾರೆ ಎಂಬುದು ನನಗೆ ಗೊತ್ತಾದದ್ದು ತೀರಾ ತಡವಾಗಿ, ಒಂದು ದೂರದ ಇಗರ್ಜಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದುತ್ತ ಹೋದಾಗ.

ಆ ಇಗರ್ಜಿ ಇರುವುದು ಗ್ರೀನ್‌ಲ್ಯಾಂಡಿನ ದಕ್ಷಿಣದಲ್ಲಿ, ಕಾಕೊರ್ತೊಕ್ ಎಂಬ ಪಟ್ಟಣದ ಸಮೀಪ, ಬೆಟ್ಟಗಳ ನಡುವೆ ಒಳಕ್ಕೆ ಚಾಚಿದ ಕಡಲಿನ ದಂಡೆಯಲ್ಲಿ. ಹೆಸರು ಹ್ವಾಲ್ಸೇ, ಎಂದರೆ ತಿಮಿಂಗಿಲದ ದ್ವೀಪ. ನಾನು ಅದನ್ನು ಕಂಡವನಲ್ಲ, ಕಾಣುವ ಸಂಭವವೂ ಇಲ್ಲ. ಚಿತ್ರಗಳಲ್ಲಿ ನೋಡಿದ್ದು, ಪುಸ್ತಕಗಳಲ್ಲಿ ಓದಿದ್ದು ಮಾತ್ರ. ಕಾಣದ ಕಟ್ಟಡದ ಬಗ್ಗೆ ಬರೆಯುವುದೇ ಎಂದು ಓದುಗರು ಹುಬ್ಬೇರಿಸಬಹುದು. ನಾನು ಇಲ್ಲಿ ವಿಮರ್ಶಿಸಲು ಹೊರಟಿರುವುದು ಕಟ್ಟಡವನ್ನಲ್ಲ, ಅದನ್ನು ಓದಿದವರ ಓದನ್ನು.

ಆದರೂ ಕಲ್ಲಿನಿಂದಲೇ ಆರಂಭಿಸಬೇಕು. ಹದಿನಾಲ್ಕನೆಯ ಶತಮಾನದ ಆದಿಯಲ್ಲಿ ಕಟ್ಟಿದ್ದೆಂದು ಬಲ್ಲವರು ಹೇಳುವ ಈ ಇಗರ್ಜಿಯ ಉದ್ದ ಸುಮಾರು 16 ಮೀಟರು, ಅಗಲ 8 ಮೀಟರು. ಗೋಡೆಯ ದಪ್ಪವೇ ಒಂದೂವರೆ ಮೀಟರು. ಬೇಳದ ಇಗರ್ಜಿಯನ್ನು ಕಂಡ ನಮ್ಮ ಕಣ್ಣಿಗೆ ಇದು ತೀರಾ ಚಿಕ್ಕದು. ಸುತ್ತಲಿನ ಗುಡ್ಡದ ಗ್ರಾನೈಟ್ ಕಲ್ಲುಗಳನ್ನೇ ಆಯ್ದು, ಒಂದಕ್ಕೊಂದು ಹೊಂದಿಸಿ ಏರಿಸಿದ ಗೋಡೆ. ಕೆಲವು ಕಲ್ಲುಗಳು ಟನ್ನುಗಟ್ಟಲೆ ತೂಗುತ್ತವೆ. ಪೂರ್ವದ ಗೋಡೆಯಲ್ಲಿ ಕಮಾನಿನ ಕಿಟಕಿಯೊಂದಿದೆ. ಮಾಡು ಎಂದೋ ಹೋಯಿತು. ಮರ ದುರ್ಲಭವಾದ ಆ ನಾಡಿನಲ್ಲಿ ಮಾಡಿನ ಮರ ಮೊದಲು ಹೋಗುವುದು ಸಹಜವೇ. ಗೋಡೆಗಳು ಮಾತ್ರ ಐದಾರು ಮೀಟರು ಎತ್ತರಕ್ಕೆ ಇಂದಿಗೂ ನಿಂತಿವೆ. ಹಳೆಯ ಸಮಾಧಿಗಳಿದ್ದ ನೆಲದ ಮೇಲೆಯೇ ಕಟ್ಟಿದ್ದರಿಂದ ಅಡಿಪಾಯ ಕುಸಿದು ಗೋಡೆ ಹೊರಕ್ಕೆ ವಾಲಿದೆ.

ಕಲ್ಲುಗಳ ನಡುವಿನ ಗಾರೆಗೆ ಸುಣ್ಣ ಬಂದದ್ದು ಕಡಲ ಚಿಪ್ಪಿನಿಂದ. ನಮ್ಮ ಕರಾವಳಿಯ ಹಳೆಯ ಮನೆಗಳ ಮುರಕಲ್ಲಿನ ಗೋಡೆಗೆ ಬಳಿಯುತ್ತಿದ್ದ ಚಿಪ್ಪಿನ ಸುಣ್ಣದ ಬಂಧುವೇ ಅದು ಎಂದು ಓದಿದಾಗ ನನಗೆ ಆ ಇಗರ್ಜಿ ಒಮ್ಮೆಗೇ ಹತ್ತಿರವಾಯಿತು. ಹೊರಗೋಡೆಗೂ ಅದೇ ಸುಣ್ಣ ಹಚ್ಚಿ ಬೆಳ್ಳಗೆ ಮಾಡಿದ್ದರೆಂದು ಒಂದು ಊಹೆ. ಇಂದಿನ ಗ್ರೀನ್‌ಲ್ಯಾಂಡಿನವರ ಭಾಷೆಯಲ್ಲಿ ಆ ಸ್ಥಳದ ಹೆಸರು ಕಾಕೊರ್ತುಕುಲೂಕ್. ಅದರಲ್ಲೂ ಕಾಕೊರ್ತೊಕ್ ಎಂಬ ಪಟ್ಟಣದ ಹೆಸರಿನಲ್ಲೂ ಇರುವುದು ಬಿಳಿ ಎಂಬ ಅರ್ಥದ ಮಾತೇ. ಒಬ್ಬರು ಬಳಿದ ಸುಣ್ಣ ಇನ್ನೊಬ್ಬರ ಭಾಷೆಯಲ್ಲಿ ಊರ ಹೆಸರಾಗಿ ಉಳಿಯಿತೆಂದಾದರೆ ಅದೇನು ಸಣ್ಣ ಸಂಗತಿಯಲ್ಲ.

ಈ ಇಗರ್ಜಿಯ ಕೀರ್ತಿಗೆ ಕಾರಣ ವಾಸ್ತುಶಿಲ್ಪವಲ್ಲ, ಒಂದು ಕಾಗದ. 1406ರಲ್ಲಿ ನಾರ್ವೆಯಿಂದ ಐಸ್‌ಲ್ಯಾಂಡಿಗೆ ಹೊರಟ ಹಡಗೊಂದು ಗಾಳಿಗೆ ಸಿಕ್ಕಿ ಗ್ರೀನ್‌ಲ್ಯಾಂಡಿಗೆ ಬಂದು ಸೇರಿತು. ಅದರಲ್ಲಿದ್ದವರು ನಾಲ್ಕು ವರ್ಷ ಅಲ್ಲೇ ಉಳಿದರು. ಅವರಲ್ಲಿ ಥೋರ್ಸ್ಟೈನ್ ಓಲಾಫ್‌ಸನ್ ಎಂಬವನಿಗೂ ಸಿಗ್ರಿಡ್ ಬ್ಯೋರ್ನ್ಸ್‌ಡೋಟಿರ್ ಎಂಬವಳಿಗೂ 1408ರ ಸೆಪ್ಟೆಂಬರ್ 16ರ ಭಾನುವಾರ ಹ್ವಾಲ್ಸೇಯ ಇಗರ್ಜಿಯಲ್ಲಿ ಮದುವೆಯಾಯಿತು. ಮರುವರ್ಷದ ಏಪ್ರಿಲಿನಲ್ಲಿ ಗಾರ್ದರ್ ಎಂಬ ಬಿಷಪ್ ಪೀಠದ ಪಾದ್ರಿಗಳು ಮದುವೆ ಕ್ರಮಪ್ರಕಾರ ನಡೆದಿದೆ, ಮೂರು ಭಾನುವಾರ ಇಗರ್ಜಿಯಲ್ಲಿ ಕೂಗಿ ಹೇಳಲಾಗಿದೆ ಎಂದು ಪತ್ರ ಬರೆದು ಕೊಟ್ಟರು. 1410ರಲ್ಲಿ ಅವರೆಲ್ಲ ಹಡಗು ಹತ್ತಿದರು. ಕ್ರಿ.ಶ. 985ರ ಸುಮಾರಿಗೆ ಎರಿಕ್ ಎಂಬ ನಾಯಕನ ಹಿಂದೆ ಬಂದು ನೆಲೆಸಿ, ನಾನೂರಕ್ಕೂ ಹೆಚ್ಚು ವರ್ಷ ಹಸು ಕುರಿ ಸಾಕಿ ಬದುಕಿದ ನಾರ್ಸ್ ಜನರ ಬಗ್ಗೆ ಅಲ್ಲಿಂದ ಬಂದ ಕೊನೆಯ ಲಿಖಿತ ಸುದ್ದಿ ಇದು. ಆಮೇಲೆ ಮೌನ.

ಬರೆಯುವವರಿಗೆ ಇದಕ್ಕಿಂತ ರಸವತ್ತಾದ ವಸ್ತು ಬೇಕೆ? ಕೊನೆಯ ಮದುವೆ, ಕೊನೆಯ ಗಂಟೆ, ಕೊನೆಯ ಹಡಗು. ಪ್ರವಾಸಿ ಪುಸ್ತಕಗಳಿಂದ ಹಿಡಿದು ಘನ ಇತಿಹಾಸಗಳವರೆಗೆ ಈ ಕೊನೆ ಎಂಬ ಮಾತು ಇಲ್ಲದೆ ಹ್ವಾಲ್ಸೇಯ ವಿವರಣೆ ಮುಗಿಯುವುದಿಲ್ಲ. ನನ್ನ ತಕರಾರು ಇಲ್ಲಿಂದಲೇ ಆರಂಭ. ಆ ಕಾಗದ ತಾನು ಕೊನೆಯದೆಂದು ಎಲ್ಲಿಯೂ ಹೇಳುವುದಿಲ್ಲ. ಅದಕ್ಕೆ ಅದು ಗೊತ್ತಿಲ್ಲ. ಅದೊಂದು ಶುದ್ಧ ವ್ಯವಹಾರದ ದಾಖಲೆ. ಐಸ್‌ಲ್ಯಾಂಡಿಗೆ ಹೋದಮೇಲೆ ಈ ಮದುವೆ ನಿಜವೇ, ಹುಟ್ಟುವ ಮಕ್ಕಳಿಗೆ ಆಸ್ತಿಯ ಹಕ್ಕಿದೆಯೇ ಎಂದು ಯಾರಾದರೂ ಕೇಳಿದರೆ ತೋರಿಸಲು ಬೇಕಾದ ಪತ್ರ ಎಂದೇ ಅದನ್ನು ಓದಬೇಕು. ವಿಷಾದಗೀತೆಯ ದಾಟಿಯಲ್ಲಿ ಓದತೊಡಗಿದರೆ ಅದು ಹೇಳುವ ನಿಜವಾದ ಸಂಗತಿಗಳು ಕಣ್ಣಿಗೆ ಬೀಳುವುದೇ ಇಲ್ಲ. ಮೂರು ಭಾನುವಾರ ಕೂಗಿದರು ಎಂದರೆ ಭಾನುವಾರ ಜನ ಸೇರುತ್ತಿದ್ದರು ಎಂದರ್ಥ. ಪಾದ್ರಿ ಇದ್ದ, ಬರೆಯಬಲ್ಲವನಿದ್ದ, ಸಾಕ್ಷಿ ನಿಲ್ಲುವವರಿದ್ದರು. ಕ್ರಮ ತಪ್ಪಬಾರದು ಎಂಬ ಹಟವಿತ್ತು. ನೆಲೆಸಿದ ಬಿಷಪರಲ್ಲಿ ಕೊನೆಯವರು ತೀರಿಕೊಂಡು ಮೂವತ್ತು ವರ್ಷವಾಗಿದ್ದರೂ ಪೀಠದ ಕೆಲಸ ನಿಂತಿರಲಿಲ್ಲ. ಇನ್ನೊಂದು ಸಂಗತಿಯೂ ಇದೆ: ಮದುವೆಯ ಹಿಂದಿನ ವರ್ಷ, 1407ರಲ್ಲಿ, ಮಾಟ ಮಾಡಿ ಪರರ ಹೆಂಡತಿಯನ್ನು ಒಲಿಸಿಕೊಂಡ ಎಂಬ ಆರೋಪದಲ್ಲಿ ಕೋಲ್ಗ್ರಿಮ್ ಎಂಬವನನ್ನು ಅಲ್ಲಿ ಜೀವಂತ ಸುಟ್ಟರು. ಕೊನೆಯುಸಿರೆಳೆಯುತ್ತಿದ್ದ ಸಮಾಜದ ಲಕ್ಷಣ ಇದಲ್ಲ. ನ್ಯಾಯ, ಕ್ರೌರ್ಯ, ಮದುವೆ, ಮುಹೂರ್ತ ಎಲ್ಲವನ್ನೂ ನಡೆಸುತ್ತಿದ್ದ ಸಮಾಜ ಅದು. ರಮ್ಯ ಲೇಖಕರು ಕೋಲ್ಗ್ರಿಮನನ್ನು ಒಗ್ಗರಣೆಗೆ ಬಳಸುತ್ತಾರೆ, ಅಥವಾ ಬಿಟ್ಟೇಬಿಡುತ್ತಾರೆ.

ಈ ಕಾಗದವನ್ನು ನಾನು ಹೀಗೆ ಓದಲು ಒಂದು ಮನೆಯ ಕಾರಣವೂ ಇದೆ. ನಮ್ಮ ತಂದೆಯವರ ಕಾಲದ ಪೆಟ್ಟಿಗೆಯಲ್ಲಿ ಒಂದು ಮೂಲಗೇಣಿ ಪತ್ರವಿತ್ತು. ಕಾಸರಗೋಡು ದಕ್ಷಿಣ ಕನ್ನಡ ಜಿಲ್ಲೆಯ ತಾಲೂಕಾಗಿದ್ದ ದಿನಗಳದ್ದು, ಅಚ್ಚ ಕನ್ನಡದ್ದು. ಗಡಿಯ ತಕರಾರೊಂದರಲ್ಲಿ ಅದನ್ನು ಕಚೇರಿಯೊಂದಕ್ಕೆ ಒಯ್ದಾಗ, ಇದನ್ನು ಓದುವವರು ಇಲ್ಲಿ ಯಾರೂ ಇಲ್ಲ, ಮಲಯಾಳದಲ್ಲಿ ಬರೆಸಿಕೊಂಡು ಬನ್ನಿ ಎಂದರು. ನೆರೆಮನೆಯ ನಿವೃತ್ತ ಮಾಸ್ತರರು, ಮನೆಮಾತು ಮಲಯಾಳವಾದರೂ ಕನ್ನಡ ಶಾಲೆಯಲ್ಲಿ ಕಲಿತವರು, ಎರಡು ಸಂಜೆ ಕೂತು ಅನುವಾದಿಸಿ ಕೊಟ್ಟರು. ಮೂಲಗೇಣಿ ಎಂಬ ಶಬ್ದಕ್ಕೆ ಅವರು ಬಹಳ ಹೊತ್ತು ತಡಕಾಡಿದರು. ಕೊನೆಗೆ ಅದನ್ನು ಹಾಗೆಯೇ ಮಲಯಾಳ ಲಿಪಿಯಲ್ಲಿ ಬರೆದರು. ಆ ಪತ್ರವನ್ನು ನಾನು ಅಳಿದ ನಾಡೊಂದರ ಕುರುಹೆಂದು ಎದೆಗೊತ್ತಿಕೊಳ್ಳಲಿಲ್ಲ. ತಕರಾರು ತೀರಲು ಅದು ಬೇಕಿತ್ತು, ತೀರಿತು. ದಾಖಲೆಗಳು ಹುಟ್ಟುವುದು ಹೀಗೆ, ಕೆಲಸಕ್ಕೆ. ಅವುಗಳಿಗೆ ಅಳು ಬರಿಸುವವರು ಆಮೇಲೆ ಬರುತ್ತಾರೆ.

ಕೊನೆಯ ಕಾಗದ ಇರುವಂತೆ ಹ್ವಾಲ್ಸೇಗೆ ಮೊದಲ ಕಥೆಯೂ ಇದೆ, ಅದನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಐಸ್‌ಲ್ಯಾಂಡಿನ ನೆಲೆಗಳ ಕಥೆ ಹೇಳುವ 'ಲಂಡ್ನಾಮಬೋಕ್' ಎಂಬ ಹಳೆಯ ಗ್ರಂಥದಲ್ಲಿ ಬರುವಂತೆ, ಇಲ್ಲಿ ಮೊದಲು ನೆಲೆಸಿದವನು ಎರಿಕನ ನೆಂಟ ಥೋರ್ಕೆಲ್ ಫಾರ್ಸೆರ್ಕ್. ಒಮ್ಮೆ ಎರಿಕ್ ಮನೆಗೆ ಬಂದಾಗ ಊಟಕ್ಕೆ ಮಾಂಸ ಬೇಕಿತ್ತು, ಕುರಿ ಇದ್ದದ್ದು ಎದುರಿನ ದ್ವೀಪದಲ್ಲಿ, ಹತ್ತಿರದಲ್ಲಿ ದೋಣಿಯಿಲ್ಲ. ಥೋರ್ಕೆಲ್ ಆ ಕೊರೆಯುವ ನೀರಿನಲ್ಲಿ ಈಜಿ ಹೋಗಿ ಕುರಿಯನ್ನು ಬೆನ್ನ ಮೇಲೆ ಹೊತ್ತು ತಂದ. ಸತ್ತ ಮೇಲೆ ಮನೆಯ ಗದ್ದೆಯಲ್ಲೇ ಅವನನ್ನು ಮಣ್ಣು ಮಾಡಿದರು. ಅಂದಿನಿಂದ ಅವನು ಆ ಮನೆಗಳ ಸುತ್ತ ಸುಳಿಯುತ್ತಿದ್ದಾನಂತೆ. ನಮ್ಮ ನಾಡಿನಲ್ಲಾಗಿದ್ದರೆ ಅವನಿಗೊಂದು ಕಟ್ಟೆ ಕಟ್ಟಿ, ವರ್ಷಕ್ಕೊಮ್ಮೆ ಕೋಲ ಕೊಡುತ್ತಿದ್ದೆವು. ನೆಂಟನಿಗೆ ಉಣಬಡಿಸಲು ಕಡಲು ಈಜಿದವನ ಮನೆಯಂಗಳದಲ್ಲೇ ಮುಂದೆ ಇಗರ್ಜಿ ಎದ್ದಿತು, ಮದುವೆಯ ಊಟ ನಡೆಯಿತು. ಹ್ವಾಲ್ಸೇ ಮೊದಲಿಗೆ ಉಂಡು ತಿಂದು ಬದುಕಿದ ಮನೆ. ಇಗರ್ಜಿಯ ಹತ್ತಿರವೇ ದೊಡ್ಡ ಊಟದ ಚಾವಡಿಯ, ಕೊಟ್ಟಿಗೆಗಳ ಗೋಡೆಗಳೂ ಉಳಿದಿವೆ. ಚಿತ್ರ ತೆಗೆಯುವವರು ಅವನ್ನು ಚೌಕಟ್ಟಿನ ಹೊರಗೆ ಬಿಡುತ್ತಾರೆ.

ಇನ್ನು ಮೂರನೆಯದು, ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದ ಓದು. ಅದು ಆ ನೆಲದ ಈಗಿನ ಜನರದ್ದು, ಎಂದರೆ ಇನ್ಯೂಟರದ್ದು. ನಾರ್ಸ್ ಜನ ಇವರನ್ನು ಸ್ಕ್ರೇಲಿಂಗ್ ಎಂದು ಹೀಗಳೆದು ಕರೆಯುತ್ತಿದ್ದರು. ಇವರು ಅವರನ್ನು ಪರದೇಶಿಗಳು ಎಂಬ ಅರ್ಥದ ತಮ್ಮ ಮಾತಿನಿಂದ ಕರೆದರು. ಇದೇ ಕಡಲದಂಡೆಯಲ್ಲಿ ನಡೆಯಿತೆನ್ನಲಾದ ಒಂದು ಕಥೆ ಅವರ ಬಾಯಲ್ಲಿ ಉಳಿದು ಬಂದು, ಹತ್ತೊಂಬತ್ತನೆಯ ಶತಮಾನದಲ್ಲಿ ಹಿನ್ರಿಕ್ ರಿಂಕ್ ಎಂಬ ಡೇನಿಷ್ ಅಧಿಕಾರಿಯ ಸಂಗ್ರಹದಲ್ಲಿ ಸೇರಿತು. ಕಥೆ ಹೀಗೆ: ಚರ್ಮದ ದೋಣಿಯಲ್ಲಿ ಒಬ್ಬ ಬೇಟೆಗಾರ ಬರುತ್ತಾನೆ. ದಂಡೆಯಲ್ಲಿ ಪರದೇಶಿಯೊಬ್ಬ ಚಿಪ್ಪು ಹೆಕ್ಕುತ್ತಿದ್ದಾನೆ. ನಿನ್ನ ಈಟಿ ನನಗೆ ತಾಗುತ್ತದೆಯೋ ನೋಡೋಣ, ಎಸೆ ಎಂದು ಆತ ಕೆಣಕುತ್ತಾನೆ. ಬೇಟೆಗಾರ ಒಲ್ಲೆನೆನ್ನುತ್ತಾನೆ. ಆಗ ಪರದೇಶಿಗಳ ಯಜಮಾನ ಉಂಗೊರ್ತೊಕ್ ಬಂದು, ಅವನಿಗೆ ಅಷ್ಟು ಆಸೆಯಾದರೆ ಎಸೆದುಬಿಡು ಎನ್ನುತ್ತಾನೆ. ಈಟಿ ತಾಗಿ ಆತ ಸಾಯುತ್ತಾನೆ. ಹೇಳಿದ್ದನ್ನು ಮಾಡಿದ್ದಕ್ಕೆ ನಿನ್ನ ತಪ್ಪಿಲ್ಲ ಎಂದು ಯಜಮಾನ ಸುಮ್ಮನಾಗುತ್ತಾನೆ. ಆದರೆ ಮುಂದೊಂದು ದಿನ ಅದೇ ಬೇಟೆಗಾರ, ಈ ಸಲ ಯಾರೂ ಹೇಳದೆ, ಇನ್ನೊಬ್ಬನನ್ನು ಕೊಲ್ಲುತ್ತಾನೆ. ಅಲ್ಲಿಂದ ಸೇಡು, ಪ್ರತಿಸೇಡು. ಪರದೇಶಿಗಳು ಬಂದು ಇವರನ್ನು ಕೊಲ್ಲುತ್ತಾರೆ. ತಮ್ಮನನ್ನು ಕಳೆದುಕೊಂಡ ಕೈಸಾಪೆ ಹಿಮಗಡ್ಡೆಯಂತೆ ಕಾಣುವ ದೋಣಿ ಕಟ್ಟಿ ಬಂದು ಪರದೇಶಿಗಳ ಮನೆಗೆ ಬೆಂಕಿಯಿಡುತ್ತಾನೆ, ಓಡಿಹೋದ ಉಂಗೊರ್ತೊಕ್‌ನನ್ನು ಹುಡುಕಿ ಕೊಲ್ಲುತ್ತಾನೆ.

ಇದನ್ನು ಓದಿದ ಹಳೆಯ ವಿದ್ವಾಂಸರು ಕೇಳಿದ ಪ್ರಶ್ನೆ ಒಂದೇ: ನಾರ್ಸ್ ಜನ ಅಳಿದದ್ದು ಹೀಗೆಯೋ? ಅಗೆದು ನೋಡಿದವರಿಗೆ ಇಗರ್ಜಿಯಲ್ಲಿ ಬೆಂಕಿಯ ಗುರುತು ಸಿಗಲಿಲ್ಲ. ಕಥೆ ಸುಳ್ಳು ಎಂದು ಬದಿಗಿಟ್ಟರು. ಸಾಕ್ಷ್ಯವೆಂದು ಓದಿದರೆ ಸುಳ್ಳೇ. ಆದರೆ ಸಾಹಿತ್ಯವೆಂದು ಓದಿದರೆ ಈ ಕಥೆಯಲ್ಲಿ ಒಂದು ಅಪರೂಪದ ಪ್ರಾಮಾಣಿಕತೆಯಿದೆ. ಮೊದಲ ಸಾವು ಹುಡುಗಾಟದ್ದು. ಎರಡನೆಯದರ ತಪ್ಪು ನಮ್ಮವನದು ಎಂದು ಹೇಳುವವರು ಇನ್ಯೂಟರೇ. ತಮ್ಮ ವೀರನ ಕಥೆ ಹೇಳುವಾಗಲೂ ನೆರೆಯವರ ಯಜಮಾನನಿಗೆ ಅವರು ಸಹನೆ ಕೊಟ್ಟಿದ್ದಾರೆ. ಗಡಿನಾಡುಗಳಲ್ಲಿ ಹುಟ್ಟುವ ಎಷ್ಟು ಕಥೆಗಳಿಗೆ ಈ ಧೈರ್ಯವಿದೆ? ನಮ್ಮ ಗಡಿನಾಡಿನ ಕಥೆಗಳಲ್ಲಿ ಎರಡನೆಯ ಈಟಿ ಎಸೆದವನು ಯಾವಾಗಲೂ ಆಚೆಯವನೇ ಆಗಿರುತ್ತಾನೆ. ಈ ವಾರ್ಷಿಕದ ಎರಡೂ ಭಾಗಗಳ ಲೇಖಕರಿಗೆ ಈ ಮಾತು ಅನ್ವಯಿಸುತ್ತದೆ ಎಂದರೆ ಸಂಪಾದಕರು ಬೇಸರಿಸಬಾರದು. ರಿಂಕ್ 1859ರಿಂದ 1863ರ ನಡುವೆ ಗ್ರೀನ್‌ಲ್ಯಾಂಡಿನಲ್ಲೇ ಅಚ್ಚುಹಾಕಿಸಿದ ಜನಪದ ಕಥೆಗಳ ನಾಲ್ಕು ಸಂಪುಟಗಳು ಗ್ರೀನ್‌ಲ್ಯಾಂಡಿನ ಭಾಷೆ ಮತ್ತು ಡೇನಿಷ್ ಎರಡರಲ್ಲೂ ಇದ್ದವು ಎಂಬುದು ನಮಗೆ ಖುಷಿಯ ವಿಷಯ. ಇಂಥ ಕಥೆಗಳಿಗೆ ಚಿತ್ರ ಬರೆದವನು ಕಾಂಗೆಕ್ ಎಂಬ ಊರಿನ ಆರೋನ್. ಸೀಲ್ ಬೇಟೆಗಾರ, ಕ್ಷಯರೋಗದಿಂದ ಹಾಸಿಗೆ ಹಿಡಿದವನು, 1869ರಲ್ಲಿ ತೀರಿಕೊಂಡ. ಕೈಸಾಪೆಯನ್ನೂ ಉಂಗೊರ್ತೊಕ್‌ನನ್ನೂ ಅವನು ಚಿತ್ರಿಸಿದ್ದಾನೆ.

ನಮ್ಮ ಕಾಲದ ಅತ್ಯಂತ ಪ್ರಸಿದ್ಧ ಓದು ಅಮೆರಿಕದ ಜೇರೆಡ್ ಡೈಮಂಡ್ 2005ರಲ್ಲಿ ಪ್ರಕಟಿಸಿದ 'ಕೊಲ್ಯಾಪ್ಸ್' ಎಂಬ ಪುಸ್ತಕದ್ದು. ನಾರ್ಸ್ ಜನ ತಮ್ಮ ಯುರೋಪಿಯನ್ ಸಂಸ್ಕಾರಕ್ಕೆ ಅಂಟಿಕೊಂಡರು, ಇಗರ್ಜಿಗಳಿಗೆ ದುಡಿಮೆ ಸುರಿದರು, ಇನ್ಯೂಟರಿಂದ ಕಲಿಯಲಿಲ್ಲ, ಮೀನು ಕೂಡ ಮುಟ್ಟಲಿಲ್ಲ, ಆದ್ದರಿಂದ ಅಳಿದರು ಎಂಬುದು ಅವರ ವಾದದ ಸಾರ. ಸೀಲ್ ಮಾಂಸ ತಿಂದರೆಂದು ಅವರೂ ಒಪ್ಪುತ್ತಾರೆ. ಆದರೂ ಬದಲಾಗಲೊಲ್ಲದವರ ನೀತಿಕಥೆಯಾಗಿಯೇ ಅದು ಲೋಕದಲ್ಲಿ ಹರಡಿತು. ಸಮಾಧಿಗಳ ಎಲುಬುಗಳನ್ನು ಪರೀಕ್ಷಿಸಿದ ವಿಜ್ಞಾನಿಗಳು ಕಂಡದ್ದು ಬೇರೆ. ಬಂದ ಹೊಸತರಲ್ಲಿ ಅವರ ಆಹಾರದಲ್ಲಿ ಕಡಲಿನ ಪಾಲು ನೂರಕ್ಕೆ 20ರಷ್ಟು ಇದ್ದದ್ದು ಕೊನೆಯ ಕಾಲದಲ್ಲಿ ಕೆಲವರಲ್ಲಿ 80ರ ಹತ್ತಿರ ಏರಿತ್ತು. ಎಂದರೆ ಅನ್ನವನ್ನೇ ಬದಲಿಸಿಕೊಂಡಿದ್ದರು. ಭಾನುವಾರದ ಪ್ರಾರ್ಥನೆಯನ್ನು ಮಾತ್ರ ಬಿಡಲಿಲ್ಲ. ಚಳಿ ಹೆಚ್ಚಿದ್ದು, ವಾಲ್ರಸ್ ದಂತದ ವ್ಯಾಪಾರ ಇಳಿದದ್ದು, ನಾರ್ವೆಯ ಹಡಗುಗಳು ನಿಂತದ್ದು, 2022ರ ಒಂದು ಅಧ್ಯಯನ ಹೇಳುವಂತೆ ಮಳೆ ಕಡಿಮೆಯಾಗಿ ಹುಲ್ಲು ಒಣಗಿದ್ದು, ಹೀಗೆ ಕಾರಣಗಳು ಹಲವು. ಮದುವೆಯ ಮರುದಿನ ಯಾರೂ ಮಾಯವಾಗಲಿಲ್ಲ. ಇನ್ನೂ ಕೆಲವು ದಶಕಗಳ ಕಾಲ ಜನರಿದ್ದರು. ಯುವಕರು ಒಬ್ಬೊಬ್ಬರಾಗಿ ಹಡಗು ಹತ್ತಿ ಹೋಗಿರಬೇಕು ಎಂಬುದು ಈಗ ಬಲವಾಗಿರುವ ಅಭಿಪ್ರಾಯ. ಮುಂಬೈಗೂ ಬೆಂಗಳೂರಿಗೂ ಕೊಲ್ಲಿಗೂ ಮಕ್ಕಳನ್ನು ಕಳಿಸಿ ಹಿರಿಯರಿಬ್ಬರೇ ಉಳಿದ ಮನೆಗಳನ್ನು ಕಂಡ ನಮಗೆ ಅದರಲ್ಲಿ ನಿಗೂಢವೇನೂ ಕಾಣುವುದಿಲ್ಲ.

2017ರಲ್ಲಿ ಹ್ವಾಲ್ಸೇಯೂ ಸೇರಿದಂತೆ ಐದು ಪ್ರದೇಶಗಳನ್ನು ಯುನೆಸ್ಕೋ 'ಕುಯಾತಾ' ಎಂಬ ಹೆಸರಿನಲ್ಲಿ, ಹಿಮದ ಅಂಚಿನ ನಾರ್ಸ್ ಮತ್ತು ಇನ್ಯೂಟ್ ಬೇಸಾಯದ ನೆಲೆಯೆಂದು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. ಅಳಿದವರನ್ನೂ ಇರುವವರನ್ನೂ ಒಂದೇ ಹೆಸರಿನಡಿ ತಂದದ್ದು ಸರಿಯಾದ ಕೆಲಸ. ಆದರೆ ಇನ್ಯೂಟರಿಗೆ ಇಲ್ಲಿ ಪ್ರವೇಶ ಸಿಕ್ಕಿದ್ದು ಯಾವ ಬಾಗಿಲಿನಿಂದ? ಬೇಸಾಯದ, ಕುರಿ ಸಾಕಣೆಯ ಬಾಗಿಲಿನಿಂದ. ಎಂದರೆ ಯುರೋಪಿಯನರಂತೆ ಕಂಡಷ್ಟು ಮಟ್ಟಿಗೆ. ಅವರ ಬೇಟೆಯ ಬದುಕಿಗೆ ಪರಂಪರೆಯ ಮಾನ್ಯತೆ ಸಿಗಲು ಮರುವರ್ಷ ಬೇರೆಯೇ ಜಾಗ, ಆಸಿವಿಸ್ಸುಯಿತ್-ನಿಪಿಸಾತ್, ಪಟ್ಟಿಗೆ ಸೇರಬೇಕಾಯಿತು. ಇದನ್ನು ಬರಿಯ ಕಡತದ ಅನುಕೂಲ ಎಂದು ಬಿಡಬಹುದೋ ಏನೋ. ನನಗೆ ಬಿಡಲು ಮನಸ್ಸಾಗುವುದಿಲ್ಲ.

ಪಟ್ಟಿಗಿಂತ ನನ್ನನ್ನು ಹೆಚ್ಚು ಸೆಳೆದದ್ದು ಇಗಲಿಕು ಎಂಬ ಹಳ್ಳಿ. ಮದುವೆಯ ಪತ್ರ ಬರೆದ ಗಾರ್ದರ್ ಇದ್ದದ್ದು ಅಲ್ಲೇ. 1783ರಲ್ಲಿ ಆಂಡರ್ಸ್ ಓಲ್ಸೆನ್ ಎಂಬ ನಾರ್ವೆಯವನೂ ಅವನ ಹೆಂಡತಿ, ಅಲ್ಲಿಯವಳೇ ಆದ ತುಪೆರ್ನಾಳೂ ಬಂದು ಬೀಡುಬಿಟ್ಟರು. ಅವರೂ ಅವರ ಮಕ್ಕಳು ಮೊಮ್ಮಕ್ಕಳೂ ಬಿಷಪರ ಇಗರ್ಜಿಯ ಪಾಳಿನಿಂದ ಕೆಂಪು ಮರಳುಗಲ್ಲುಗಳನ್ನು ಕಿತ್ತು ಮನೆ ಕಟ್ಟಿಕೊಂಡರು. ಆ ಮನೆಗಳು ಇಂದಿಗೂ ಇವೆ. ಹ್ವಾಲ್ಸೇ ಉಳಿಯಿತು, ಗಾರ್ದರ್ ಅಡಿಪಾಯದವರೆಗೆ ಕರಗಿತು ಎಂದು ಪ್ರಾಚ್ಯವಸ್ತು ಪ್ರಿಯರು ಕೊರಗುತ್ತಾರೆ. ಕೊರಗು ನ್ಯಾಯವೇ. ಆದರೂ ಎರಡರಲ್ಲಿ ಯಾವುದು ಹೆಚ್ಚು ಉಳಿಯಿತು ಎಂದು ಯಾರಾದರೂ ನನ್ನನ್ನು ಕೇಳಿದರೆ ತಟ್ಟನೆ ಹೇಳಲಾರೆ. ಆ ಕಲ್ಲುಗಳೊಳಗೆ ಇಂದು ಆಡುವ ಭಾಷೆ ಗ್ರೀನ್‌ಲ್ಯಾಂಡಿನದು. 2009ರಲ್ಲಿ ಸ್ವಯಮಾಡಳಿತ ಬಂದಾಗ ಅದೊಂದೇ ಅಲ್ಲಿಯ ಅಧಿಕೃತ ಭಾಷೆಯಾಯಿತು. ಐವತ್ತಾರು ಸಾವಿರದಷ್ಟು ಜನರ ನಾಡು ಅದು.

ಬೇಕಲದ ಮಾತಿಗೆ ಬರುತ್ತೇನೆ. ಕೆಳದಿಯ ನಾಯಕರು ಹದಿನೇಳನೆಯ ಶತಮಾನದಲ್ಲಿ ಕಟ್ಟಿಸಿದರು, ಆದ್ದರಿಂದ ನಮ್ಮದು ಎಂದು ನಾವು. ಇರುವುದು ಇಲ್ಲಿ, ಆದ್ದರಿಂದ ನಮ್ಮದು ಎಂದು ಅವರು. 1995ರ 'ಬಾಂಬೆ' ಸಿನಿಮಾದ ಹಾಡೊಂದು ಅಲ್ಲಿ ಚಿತ್ರೀಕರಣವಾದ ಮೇಲೆ ಅದು ಮಣಿರತ್ನಂ ಕೋಟೆ ಎಂದು ನಂಬಿದ ಪ್ರವಾಸಿಗಳನ್ನೂ ನಾನು ಕಂಡಿದ್ದೇನೆ. ಆ ಮುರಕಲ್ಲನ್ನು ಕಡಿದು ಹೊತ್ತವರು ಮನೆಯಲ್ಲಿ ಯಾವ ಭಾಷೆ ಆಡುತ್ತಿದ್ದರು ಎಂಬ ಪ್ರಶ್ನೆಯನ್ನು ಎರಡು ಕಡೆಯವರೂ ಕೇಳಿಲ್ಲ. ಅಷ್ಟರಮಟ್ಟಿಗೆ ಹ್ವಾಲ್ಸೇಯ ಓದುಗರಿಗಿಂತ ನಾವು ಉತ್ತಮರೇನಲ್ಲ.

ಇದಕ್ಕಿಂತ ನನ್ನನ್ನು ಕಾಡುವುದು ನಮ್ಮ ವೇದಿಕೆಗಳ ಒಂದು ಚಾಳಿ. ಕಾಸರಗೋಡಿನ ಕನ್ನಡ ಸಭೆಗಳಲ್ಲಿ ಭಾಷಣಕಾರರು ಎದ್ದು, ನಾವೇ ಇಲ್ಲಿ ಕನ್ನಡದ ಕೊನೆಯ ತಲೆಮಾರು ಎನ್ನುತ್ತಾರೆ. ನಲುವತ್ತು ವರ್ಷಗಳಿಂದ ಕೇಳುತ್ತಿದ್ದೇನೆ. ಆ ಮಾತು ಮೊದಲು ಆಡಿದವರ ಮೊಮ್ಮಕ್ಕಳು ಈಗ ಅದನ್ನೇ ಆಡುತ್ತಿದ್ದಾರೆ. ಮುಂದಿನ ಸಾಲಿನಲ್ಲಿ ಪ್ರಾರ್ಥನೆ ಹಾಡಲು ಬಂದ ಕನ್ನಡ ಶಾಲೆಯ ಮಕ್ಕಳು ಕೂತಿರುತ್ತಾರೆ. ಅವರಿಗೆ ನಾವು ಹೇಳುತ್ತಿರುವುದೇನು? ನೀವು ಚಿತ್ರದಲ್ಲಿ ಇಲ್ಲ ಎಂದು. ಹಕ್ಕುಗಳಿಗಾಗಿ ದನಿಯೆತ್ತುವುದು ಬೇರೆ, ಅದು ಬೇಕು. ನಮ್ಮನ್ನು ನಾವೇ ಪಾಳಿನಂತೆ ಬಣ್ಣಿಸಿಕೊಳ್ಳುವುದು ಒಂದು ಸಾಹಿತ್ಯಕ ಶೈಲಿ, ಅದೂ ಇನ್ನೊಬ್ಬರ ಕಣ್ಣಿನಿಂದ ಎರವಲು ಪಡೆದದ್ದು.

ಥೋರ್ಸ್ಟೈನ್ ಮತ್ತು ಸಿಗ್ರಿಡ್ ಐಸ್‌ಲ್ಯಾಂಡಿನ ಉತ್ತರದಲ್ಲಿ ಆಕ್ರಾರ್ ಎಂಬಲ್ಲಿ ಮನೆ ಮಾಡಿದರು. 1414ರಲ್ಲಿ, ಮತ್ತೆ 1424ರಲ್ಲಿ, ಆ ಮದುವೆಯಲ್ಲಿ ಇದ್ದವರು ಸಾಕ್ಷಿ ನುಡಿಯಬೇಕಾಗಿ ಬಂತು. ಹದಿನಾರು ವರ್ಷದ ಹಿಂದೆ, ಕಡಲಾಚೆ, ಚಿಪ್ಪಿನ ಸುಣ್ಣದ ಆ ಗೋಡೆಗಳ ನಡುವೆ ಏನು ನಡೆಯಿತು ಎಂಬುದನ್ನು ಅವರು ಕಂಡಂತೆ ಹೇಳಿದರು. ಹುಡುಗಿಯ ಕಡೆಯ ನೆಂಟನೊಬ್ಬ, ಅವಳನ್ನು ನನ್ನ ಒಪ್ಪಿಗೆಯಿಂದಲೇ ಕೊಟ್ಟದ್ದು ಎಂದು ನುಡಿದ. ಬರೆದವರು ಬರೆದುಕೊಂಡರು.